ಸುಕುಮಾರನ ಪಿಕ್ಕಾಸು

ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತೆಗೆಯುವ ಕೆಲಸಕ್ಕೆ ಬದಿಯಡ್ಕದ ಈ ಕಡೆ ಈಗ ಉಳಿದವನು ಸುಕುಮಾರ ಒಬ್ಬನೇ. ಅರುವತ್ತೆರಡು ವರ್ಷ. ಮೊಣಕಾಲೂರಿ ಪಿಕ್ಕಾಸಿನಿಂದ ಅಗೆದು ಅಲ್ಲಿನ ಚರ್ಮ ದಪ್ಪಗಟ್ಟಿದೆ. ಮಣ್ಣು ಹೊರುವವರನ್ನು ಹೊರಗೆ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋಗುತ್ತಾನೆ. ಹತ್ತೊಂಬತ್ತು ವರ್ಷಗಳಿಂದ ಅವನ ಕ್ರಮ ಅದು. ಊರವರು ಧೈರ್ಯ ಎನ್ನುತ್ತಿದ್ದರು. ನಾನು ಹಾಗೆ ಎಣಿಸಲಿಲ್ಲ.

ಮೊದಲು ಅವನ ಜೊತೆ ಒಳಗೆ ಹೋಗುತ್ತಿದ್ದವನು ನನ್ನ ತಮ್ಮ ಜನಾರ್ದನ. ಗಂಡ ತೀರಿದ ಮೇಲೆ ನನ್ನ ಜೊತೆಗಿದ್ದವನು ಅವನೇ. ಕೇಶವಪ್ರಸಾದರ ಗುಡ್ಡದಲ್ಲಿ ಇಬ್ಬರೂ ಹೊಸ ಸುರಂಗ ಕೊರೆಯುತ್ತಿದ್ದರು. ನೀರಿರುವುದು ಮೇಲೆ ಬಿಟ್ಟುಹಾಕಿದ ಹಳೆಯ ಸುರಂಗದಲ್ಲಿ ಎಂದು ತಮ್ಮನ ಹಟ. ಒಂದು ಮಧ್ಯಾಹ್ನ ಜಗಳವಾಯಿತು. ಸಂಜೆ ಸುಕುಮಾರ ಒಬ್ಬನೇ ಬಂದು, ಜನಾರ್ದನ ಸಿಟ್ಟಿನಲ್ಲಿ ಬಸ್ಸಿಗೆ ಹೋದ ಎಂದ. ಮುಂಬೈಗೆ ಹೋಗಿರಬೇಕೆಂದು ಊರು ನಂಬಿತು. ಆಮೇಲೂ ಸುಕುಮಾರ ಆಗಾಗ ಬಂದು ಪತ್ರ ಬಂತಾ ಎಂದು ಕೇಳುತ್ತಿದ್ದ. ಮನೆಗೆ ಬಂದವರಿಗೆ ಬಾಯಾರಿಕೆಗೆ ಕೊಡುವ ಬೆಲ್ಲದ ತುಂಡು, ನೀರನ್ನು ನಾನು ಅವನಿಗೆ ಕೊಟ್ಟವಳಲ್ಲ.

ಈ ಎಪ್ರಿಲಿನಲ್ಲಿ ನೀರು ಬತ್ತಿ ಕೇಶವಪ್ರಸಾದರು ಮುಚ್ಚಿಹೋಗಿದ್ದ ಹಳೆಯ ಸುರಂಗದ ಮಣ್ಣು ತೆಗೆಸಿದರು. ಸುಕುಮಾರನ ಪಿಕ್ಕಾಸಿಗೆ ತಲೆಬುರುಡೆ ಸಿಕ್ಕಿತು. ಅವನು ಅದನ್ನು ತೊಳೆದು, ಬಾಳೆಲೆಯ ಮೇಲಿಟ್ಟು, ಆಮೇಲೆ ಪೊಲೀಸರಿಗೆ ಹೇಳಿಸಿದ. ಸತ್ತವನನ್ನು ಕೆಸರಿನಲ್ಲಿ ಕೊಡುವುದು ಹೇಗೆ ಎಂದನಂತೆ. ಬುರುಡೆಯಲ್ಲಿ ಸರಿಯಾಗಿ ಪಿಕ್ಕಾಸಿನ ಮೊನೆಯಷ್ಟೇ ತೂತು. ತೊಳೆದದ್ದು ಯಾಕೆಂದು ಪೊಲೀಸರು ಎರಡು ದಿನ ಕೇಳಿದರು. ಕುರುಹು ಅಳಿಸಲಿಕ್ಕೆ ಎಂದು ನನಗೂ ಸಂಶಯ.

ಉಳಿದ ಮೂಳೆಗಳನ್ನೂ ಪೊಲೀಸರು ತೆಗೆಸಿದರು. ಅವನ್ನು ಪರೀಕ್ಷಿಸುವ ಡಾಕ್ಟರ್ ಶಿಬಿಲಾ ನನ್ನನ್ನು ಕರೆಸಿದರು. ಜನಾರ್ದನ ಹನ್ನೊಂದನೆಯ ವಯಸ್ಸಿನಲ್ಲಿ ಹಲಸಿನ ಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಅವರು ತೋರಿಸುವ ಮೊದಲೇ ಜಾಗ ಹೇಳಿದೆ. ಅಲ್ಲೇ ಮೂಳೆ ಕೂಡಿದ ಗಂಟು ಇತ್ತು. ಆಮೇಲೆ ತೂತಿನ ಮಾತು ತೆಗೆದೆ.

“ತೂತಿನ ಅಂಚು ಬೆಳ್ಳಗೆ ಉಂಟು ನೋಡಿ ಅಮ್ಮ. ಇದು ಮೊನ್ನೆ ಅಗೆಯುವಾಗ ಆದದ್ದು. ಪಕ್ಕದ ಈ ಬಿರುಕಿನ ಒಳಗೆಲ್ಲ ಮಣ್ಣಿನ ಕೆಂಪು ಹಿಡಿದಿದೆ. ಅದು ಸಾಯುವಾಗಿನದ್ದು.”

“ತೊಳೆದರೆ ಆ ಕೆಂಪು ಹೋಗುವುದಿಲ್ಲವಾ?”

“ಎಷ್ಟು ತಿಕ್ಕಿದರೂ ಹೋಗ್ಲಿಕ್ಕಿಲ್ಲ.”

ಪಕ್ಕೆಲುಬುಗಳು ಹಸಿ ಇರುವಾಗಲೇ, ಅಂದರೆ ಸಾಯುವ ಹೊತ್ತಿಗೇ, ಮೇಲಿನ ಭಾರಕ್ಕೆ ಒಟ್ಟಿಗೆ ಮುರಿದಿವೆ, ಸುರಂಗ ಕುಸಿದು ಸತ್ತಂತೆ ಕಾಣುತ್ತದೆ ಎಂದರು. ಹಾಗಾದರೆ ಸುಕುಮಾರ ಬಸ್ಸಿನ ಕತೆ ಹೇಳಿದ್ದು ಯಾಕೆ ಎಂದು ಕೇಳಿದೆ. ಅದನ್ನು ಮೂಳೆ ಹೇಳುವುದಿಲ್ಲ ಎಂದರು.

ಮನೆಗೆ ಬಂದಾಗ ಸುಕುಮಾರನನ್ನೇ ಕೇಳಿದೆ. ಅವನು ಜಗಲಿಯ ಕೆಳಗೇ ನಿಂತಿದ್ದ.

“ಅವ ಮೇಲೆ ಹತ್ತಿದ್ದು ನೋಡಿದ್ದೆ ಅಕ್ಕ. ಬಸ್ಸಿನ ಮಾರ್ಗಕ್ಕೆ ಅಂತ ಎಣಿಸಿದೆ. ಹಿಂದಿನಿಂದ ಕರೀಲಿಲ್ಲ.”

ಮರುದಿನ ಗುಡ್ಡಕ್ಕೆ ಹೋದೆ. ಹೊಸ ಸುರಂಗದ ಬಾಯಿಯಿಂದ ಮೇಲಕ್ಕೆ ಒಂದೇ ಕಾಲುದಾರಿ. ನಲುವತ್ತೆರಡು ಹೆಜ್ಜೆಯ ಮೇಲೆ ಗೇರುಮರದ ಹಿಂದೆ ಅದು ಕವಲಾಗುತ್ತದೆ. ಎಡಕ್ಕೆ ಹಳೆಯ ಸುರಂಗ, ಬಲಕ್ಕೆ ಬಸ್ಸಿನ ಮಾರ್ಗ. ಕೆಳಗೆ ಸುರಂಗದ ಬಾಯಲ್ಲಿ ಕುಳಿತು ನೋಡಿದೆ, ಕವಲು ಕಾಣಿಸಲಿಲ್ಲ; ಹತ್ತಿದವ ಯಾವ ಕಡೆ ತಿರುಗಿದನೆಂದು ಅಲ್ಲಿಂದ ತಿಳಿಯದು. ಆ ಗೇರುಮರ ಆಗ ಇತ್ತೇ ಎಂದು ಕೇಶವಪ್ರಸಾದರನ್ನು ವಿಚಾರಿಸಿದೆ. ಅವರ ತಂದೆ ನೆಟ್ಟದ್ದಂತೆ.

ಶನಿವಾರ ಸುಕುಮಾರ ಬಂದಾಗ ಬೆಲ್ಲ ನೀರು ತಂದಿಟ್ಟೆ. ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ನೀರು ಪೂರ್ತಿ ಕುಡಿದು ಚೆಂಬು ಕೆಳಗಿಟ್ಟ.