ಥರ್ಮಾಕೋಲಿಗೆ ಚುಚ್ಚಿದ ಚಿಪ್‌ಗಳು

ಶಿಲ್ಪಾ, ಆ ಚಿಪ್‌ಗಳನ್ನು ಕೆಡಿಸಿದ್ದು ನೀನಲ್ಲ, ನಾನು. ಅದು ನನಗೆ ಅವತ್ತೇ ಗೊತ್ತಾಯಿತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ.

ನನ್ನ ನಾದಿನಿ ಕಾವ್ಯ, ನೀನು, ಇಬ್ಬರದೂ ಆಗ ಕೊನೇ ವರ್ಷದ ಇಂಜಿನಿಯರಿಂಗ್. ಸಹಕಾರನಗರದ ನಮ್ಮ ಮನೆಯ ಊಟದ ಮೇಜೇ ನಿಮ್ಮ ಲ್ಯಾಬು. ಆಸ್ಪತ್ರೆಯಲ್ಲಿ ಟೋಕನ್ ನಂಬರ್ ತೋರಿಸುವ ಬೋರ್ಡು ಮಾಡುತ್ತಿದ್ದಿರಿ. ಗುಂಡಿ ಒತ್ತುವ ಪೆಟ್ಟಿಗೆ ಈ ತುದಿಗೆ, ನಂಬರ್ ಬೋರ್ಡು ಆ ತುದಿಗೆ, ನಡುವೆ ಉದ್ದನೆಯ ವೈರು.

"ಇಷ್ಟ್ ದೂರ ಹೋಗೂದ್ರಾಗ ಸಿಗ್ನಲ್ ಸೋತು ಬಿಡ್ತದ ವೈನಿ. ಅದಕ್ಕ ಈ ಬಫರ್ ಚಿಪ್ ಶಕ್ತಿ ಕೊಟ್ಟು ಮುಂದ ಕಳಸ್ತದ," ಅಂತ ನೀನೇ ತಿಳಿಸಿ ಹೇಳಿದ್ದೆ. ನೀನು ಹುಬ್ಬಳ್ಳಿ ಕಡೆಯವಳು, ಆರ್.ಟಿ. ನಗರದ ಪಿ.ಜಿ.ಯಲ್ಲಿದ್ದೆ. ಅತ್ತಿಗೆ ಅನ್ನುವ ಬದಲು ನನ್ನನ್ನು ವೈನಿ ಅಂದವಳು ನೀನೊಬ್ಬಳೇ. "ಸಾರಿನ್ಯಾಗ ಬೆಲ್ಲದ ಚೀಲಾನ ಸುರೀತೀರೇನ್ರಿ?" ಅಂತ ಕಾಡಿಸಿ, ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಪರೀಕ್ಷಕರು ಬರುವ ಹಿಂದಿನ ದಿನ ಬೆಳಿಗ್ಗೆ, ಚಿಪ್‌ಗಳನ್ನು ದೇವರ ಮುಂದಿಟ್ಟು ಪೂಜೆ ಮಾಡೋಣ ಅನ್ನಿಸಿತು. ಅವು ಒಂದು ಕಪ್ಪು ಸ್ಪಂಜಿನಲ್ಲಿ ಚುಚ್ಚಿಕೊಂಡಿದ್ದವು. ದೇವರ ಮುಂದೆ ಆ ಕರೀ ತುಂಡು ಇಡಲು ಮನಸ್ಸು ಬರಲಿಲ್ಲ. ವರಮಹಾಲಕ್ಷ್ಮಿ ಮಂಟಪದಲ್ಲಿ ಉಳಿದಿದ್ದ ಬಿಳೀ ಥರ್ಮಾಕೋಲ್ ತಂದು, ಒಂದೊಂದೇ ಚಿಪ್ ಕಿತ್ತು, ನೈಲಾನ್ ಸೀರೆಯ ಸೆರಗಿನಲ್ಲಿ ಒರೆಸಿ ಅದಕ್ಕೆ ಚುಚ್ಚಿದೆ. ಹೂವಿಟ್ಟೆ, ಆರತಿ ಎತ್ತಿದೆ. ಆಮೇಲೆ ಮೊದಲಿದ್ದ ಹಾಗೇ ಸ್ಪಂಜಿಗೆ ಸೇರಿಸಿದೆ.

ಮಧ್ಯಾಹ್ನ ಅವನ್ನು ಬೋರ್ಡಿಗೆ ಕೂರಿಸಿದವಳು ನೀನು. ನಂಬರ್ ಬರಲಿಲ್ಲ. ಹಿಂದಿನ ವಾರ ಕಾವ್ಯ ಇದೇ ಚಿಪ್ ಹಾಕಿ ನೋಡಿದಾಗ ಎಲ್ಲ ಸರಿಯಿತ್ತು.

"ಕೈಗೆ ಅರ್ಥಿಂಗ್ ಪಟ್ಟಿ ಕಟ್ಕೊಂಡಿದ್ಯೇನೇ?" ಕಾವ್ಯ ಕೇಳಿದಳು. "ಮೈಮೇಲಿರೋ ಕರೆಂಟಿಗೇ ಸತ್ತೋಗುತ್ತೆ ಇವು. ನೈಲಾನ್, ಥರ್ಮಾಕೋಲ್ ಹತ್ರನೂ ತರ್ಬಾರ್ದು, ಅದಕ್ಕೇ ಆ ಕಪ್ಪು ಸ್ಪಂಜು."

"ಕಟಗೊಂಡೇ ಕುಂತಿದ್ನಿ, ಖರೇನ ಹೇಳ್ತೀನಿ," ಅಂದೆ ನೀನು.

ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಾವ್ಯ ನನ್ನ ಕಡೆ ತಿರುಗಿದಳು. "ಅತ್ತಿಗೆ, ನೀವೇನಾದ್ರೂ ಮುಟ್ಟಿದ್ರಾ?"

"ನಾನ್ಯಾಕಮ್ಮ ಮುಟ್ಲಿ?"

ಅಷ್ಟೇ ನಾನಂದದ್ದು. "ನಿನ್ನ ನಂಬಿದ್ದೇ ನನ್ನ ತಪ್ಪು," ಅಂತ ಅವಳು ನಿನಗೆ ಅಂದಳು. ನೀನು ಕಾಫಿ ಮುಟ್ಟದೆ ಹೊರಟೆ. ಮಾರನೇ ದಿನ ಬೇರೆ ಚಿಪ್ ಹಾಕಿ ಇಬ್ಬರೂ ಪಾಸಾದಿರಿ — ಮಾತು ಮಾತ್ರ ನಿಂತೇಹೋಯಿತು.

ದೀಪ ಹಚ್ಚುವಾಗ ದೇವರು ಕೊಟ್ಟದ್ದನ್ನು ನೆನೆಯುವವಳು ನಾನು. ಅತ್ತೆಯ ಮಂಡಿನೋವು ಇಳಿದದ್ದು, ಬೇಸಿಗೆಯಲ್ಲೂ ಬೋರಿನಲ್ಲಿ ನೀರಿದ್ದದ್ದು. ನೀವು ಪಾಸಾದದ್ದನ್ನೂ ಆ ಸಾಲಿಗೇ ಸೇರಿಸಿ ಸಮಾಧಾನ ಮಾಡಿಕೊಂಡೆ. ಪೂಜೆಗೆಂದು ಮಾಡಿದ್ದಲ್ಲವೇ ಅಂತಲೂ — ಇಲ್ಲ, ಅದು ಬೇಡ. ಪೂಜೆ ತಿಳಿಯದೆ ಮಾಡಿದ್ದು. ಸುಳ್ಳು ತಿಳಿದೇ ಹೇಳಿದ್ದು.

ಈಗ ಕಾವ್ಯಳ ಮದುವೆ ಗೊತ್ತಾಗಿದೆ. ಮೊನ್ನೆ ಯಾರ್ಯಾರನ್ನು ಕರೆಯುವುದು ಅಂತ ಮಾತಾಡುತ್ತಾ, "ಶಿಲ್ಪಾನ ಕರೀಬೇಕು ಅನ್ಸುತ್ತೆ. ಆದ್ರೆ ಅವಳು ಒಂದ್ಸಲ ತಪ್ಪು ಒಪ್ಕೊಂಡಿದ್ರೆ..." ಅಂದಳು. ಅಲ್ಲೇ ಹೇಳಿಬಿಟ್ಟೆ, ಎಲ್ಲಾನೂ.

"ಇಷ್ಟ್ ವರ್ಷ ನನ್ ಬಾಯಲ್ಲಿ ಅವಳನ್ನ ಬೈಸಿದ್ರಲ್ಲ ಅತ್ತಿಗೆ," ಅಂದು ಅವಳು ಎದ್ದುಹೋದಳು.

ನನ್ನ ಜೊತೆ ಅವಳಿನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆಡಬೇಕು ಅಂತ ನಾನೂ ಕೇಳಿಲ್ಲ. ನಿನ್ನ ನಂಬರ್ ಹುಡುಕುತ್ತಿದ್ದಾಳೆ. ಅವಳ ಫೋನ್ ಬಂದರೆ ತೆಗಿ, ಶಿಲ್ಪಾ. ನನಗೆ ಉತ್ತರ ಬೇಡ.