ಚಳಿಯಕ್ಕನ ತಣ್ಣನೆಯ ಹಾಸಿಗೆ

ಎಳೆಕೂಸುಗಳ ವಾರ್ಡಿನಲ್ಲಿ ಆ ನರ್ಸಮ್ಮನಿಗೆ ಚಳಿಯಕ್ಕ ಎಂದೇ ಹೆಸರು. ಹುಟ್ಟುವಾಗ ಉಸಿರುಗಟ್ಟಿದ ಕೂಸುಗಳನ್ನು ಒಳಗೆ ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಮಲಗಿಸಿ ಕಾಯುವುದು ಅವಳ ಕೆಲಸ. ಅದನ್ನು ಮುಟ್ಟಿ ಮುಟ್ಟಿ ಅವಳ ಬೆರಳುಗಳೂ ತಣ್ಣಗಾಗಿದ್ದವು. ಬಂದ ಅಜ್ಜಿಯರೆಲ್ಲ ಅವಳಿಗೆ ಹಿಡಿಶಾಪ ಹಾಕಿಯೇ ಹೋಗುತ್ತಿದ್ದರು. ಅವಳೂ ಮಾತಿಗೆ ಬೆಣ್ಣೆ ಸವರುವವಳಲ್ಲ.

ಆ ದಿನ ಬಂದ ಅಜ್ಜಿಯಂತೂ ಮೊಮ್ಮಗನನ್ನು ಕಂಡದ್ದೇ ಸೊಂಟಕ್ಕೆ ಕೈಯಿಟ್ಟಳು.

"ಹಸುಗೂಸನ್ನ ಬರಿಮೈಲಿ ಮಲಗಿಸಿದ್ದೀಯಲ್ಲೇ, ನೀನೇನು ಹೆಂಗಸೋ ಕಲ್ಲೋ?"

"ಕಲ್ಲೇ ಅಂತಿಟ್ಕೊಳ್ಳಿ. ಮಗು ಮುಟ್ಟಬೇಡಿ."

ಚಳಿಯಕ್ಕ ಔಷಧಿ ತರಲು ಅತ್ತ ತಿರುಗಿದ್ದೇ ತಡ, ಅಜ್ಜಿ ತನ್ನ ಉಣ್ಣೆಯ ಶಾಲನ್ನು ಕೂಸಿಗೆ ಸುತ್ತಿಬಿಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಕೂಸಿನ ಮೈಬಿಸಿ ಅಳೆಯುವ ಯಂತ್ರ ಅರಚಿಕೊಂಡಿತು. ಚಳಿಯಕ್ಕ ಓಡಿಬಂದು ಶಾಲನ್ನು ಕಿತ್ತುಕೊಂಡಳು.

"ಕೊಲ್ತೀಯೇನೇ ನನ್ನ ಮೊಮ್ಮಗನ್ನ!"

"ಕೊಲ್ತಿದ್ದೋರು ನೀವು! ಉಸಿರು ಸಿಗದೆ ಇವನ ಮಿದುಳಲ್ಲಿ ಗ್ಲುಟಮೇಟ್ ಅನ್ನೋ ರಾಸಾಯನಿಕ ಉಕ್ಕಿದೆ. ಹದವಾಗಿದ್ರೆ ಮಗು ಕಲಿಯೋದೇ ಅದರಿಂದ. ಹೆಚ್ಚಾದ್ರೆ ಒಂದೊಂದು ಜೀವಕೋಶಾನೂ ಕೆರಳಿಸಿ ಕೆರಳಿಸಿ ಸಾಯಿಸುತ್ತೆ. ಎಳೇ ಮಿದುಳು, ತಡ್ಕೊಳ್ಳಲ್ಲ. ಮೈ ತಂಪಾಗಿದ್ರೆ ಆ ಉಕ್ಕು ತಗ್ಗುತ್ತೆ. ಹಾಲು ಉಕ್ಕುವಾಗ ಉರಿ ತಗ್ಗಿಸ್ತೀರೋ, ಮುಚ್ಚಳ ಹಾಕ್ತೀರೋ?"

"ನನ್ನ ಮೊಮ್ಮಗ ಹಾಲಿನ ಪಾತ್ರೆಯೇನೇ?"

"ಸದ್ಯಕ್ಕೆ ಹೌದು."

ಅಜ್ಜಿ ಹೊರಗಿನ ಬೆಂಚಿನಲ್ಲಿ ಬೇರುಬಿಟ್ಟಳು. ಚಳಿಯಕ್ಕ ಹಾದುಹೋದಾಗಲೆಲ್ಲ ಮುಖ ಗೋಡೆಗೆ ತಿರುಗುತ್ತಿತ್ತು. ಮರುದಿನ ಕೂಸಿನ ಸೋದರತ್ತೆ ದಪ್ಪ ಹೊದಿಕೆಯೊಂದನ್ನು ಅವುಚಿಕೊಂಡು ಬಂದಾಗ ಮಾತ್ರ ಅಜ್ಜಿ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಅದನ್ನ ಒಳಗೆ ತಗೊಂಡು ಹೋದ್ರೆ ಕೈ ಮುರಿದುಬಿಟ್ಟೇನು!"

"ಅಯ್ಯೋ ಅಮ್ಮಾ, ಮಗು ನಡುಗ್ತಿದ್ರೆ?"

"ನಡುಗಲಿ. ಒಳಗಿರೋಳು ರಾಕ್ಷಸಿ, ಅದು ಬೇರೆ ಮಾತು. ಉರಿ ಇನ್ನೂ ತಗ್ಗಿಲ್ಲ."

ಮೂರು ದಿನಗಳ ತಂಪು ಮುಗಿಯಿತು. ಕೂಸಿನ ಮೈಯನ್ನು ನಿಧಾನವಾಗಿ ಬೆಚ್ಚಗಾಗಿಸಿದರು. ಮಿದುಳಿನಲ್ಲಿ ಎಷ್ಟು ಉಳಿದಿದೆ ಎಂಬುದು ಅವನು ಬೆಳೆಯುತ್ತಾ ಹೋದಂತೆ ತಿಳಿಯಬೇಕೆಂದು ವೈದ್ಯರು ಹೇಳಿದರು. ಚಳಿಯಕ್ಕ ಕಿರುಬೆರಳನ್ನು ಅವನ ತುಟಿಗೆ ತಾಕಿಸಿದಳು. ಅವನು ಚೀಪಿದ, ಬಿಡದೆ ಚೀಪಿದ.

ಅಜ್ಜಿ ಹತ್ತಿರ ಬಂದು ಕುಳಿತಳು. "ತೆಗಿಯೇ ಆ ಹೆಣದಂಥ ತಣ್ಣನೆ ಕೈನ!"

ಚಳಿಯಕ್ಕ ಅಂದು ಕಿತ್ತಿಟ್ಟಿದ್ದ ಉಣ್ಣೆಯ ಶಾಲನ್ನು ಬೀರುವಿನಿಂದ ಎಳೆದು ಅವಳ ಮಡಿಲಿಗೆ ಎಸೆದಳು.

"ಈಗ ಸುತ್ತಿ."