ದಿನಕ್ಕೊಂದು ತಪ್ಪು

ಸ್ಲೇಟು-ಬಳಪದ ಆ ಕಾಲದಲ್ಲಿ ಮಕ್ಕಳು ತುಂಬಿದ ಪ್ರತಿ ಮನೆಯಲ್ಲೂ ಇಂಥ ಒಬ್ಬ ಅಕ್ಕ ಇದ್ದೇ ಇರುತ್ತಿದ್ದಳು. ವಯಸ್ಸು ಹನ್ನೊಂದು, ಗತ್ತು ಅಜ್ಜಿಯದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡೇ ಕುಂಟಾಬಿಲ್ಲೆ ಆಡಿ ಗೆಲ್ಲುತ್ತಿದ್ದಳು. ಒಂದು ಕೈಯಲ್ಲಿ ತಂಗಿಯ ಜಡೆಯಿದ್ದರೆ ಇನ್ನೊಂದರಲ್ಲಿ ತಮ್ಮನ ಕಿವಿ. ‘ಅಮ್ಮಂಗೆ ಹೇಳ್ತೀನಿ ನೋಡು’ ಎಂದು ದಿನಕ್ಕೆ ಇಪ್ಪತ್ತು ಸಲ ಹೆದರಿಸುತ್ತಿದ್ದಳು, ಒಮ್ಮೆಯೂ ಹೇಳಿದವಳಲ್ಲ. ಐದನೆಯ ಕೂಸು ಹುಟ್ಟಿದಾಗ, ನೋಡಿಕೊಳ್ಳಲು ಯಾರೂ ಇಲ್ಲವೆಂದು ಅವಳನ್ನು ಶಾಲೆ ಬಿಡಿಸಿದ್ದರು. ಅಂದಿನಿಂದ ತಮ್ಮನ ಹೋಂವರ್ಕ್ ಬರೆಯುವವಳು ಅವಳೇ. ‘ಒಂದೂ ತಪ್ಪಿಲ್ದಿದ್ರೆ ನೀನೇ ಬರ್ದಿದ್ದು ಅಂತ ಮೇಷ್ಟ್ರು ನಂಬ್ತಾರೇನೋ ಕತ್ತೆ?’ ಎನ್ನುತ್ತ ದಿನಕ್ಕೊಂದು ಕಡೆ ಬೇಕೆಂದೇ ‘ಹಾಲು’ ಇದ್ದಲ್ಲಿ ‘ಆಲು’ ಎಂಬಂಥ ತಪ್ಪು ಬರೆಯುತ್ತಿದ್ದಳು. ಸಂಜೆ ಪುಸ್ತಕ ಮನೆಗೆ ಬಂದರೆ ಮೊದಲು ಹುಡುಕುವುದು ಮೇಷ್ಟ್ರ ಕೆಂಪು ಶಾಯಿಯನ್ನು. ಒಂದು ದಿನ ಎರಡು ಪದಗಳಿಗೆ ಕೆಂಪು ಸುತ್ತು ಬಿದ್ದಿತ್ತು. ಒಂದು ಅವಳು ಬೇಕೆಂದೇ ಮಾಡಿದ್ದು. ಇನ್ನೊಂದು ‘ಮಧ್ಯಾನ್ಹ’. ಪಕ್ಕದಲ್ಲಿ ಮೇಷ್ಟ್ರು ‘ಮಧ್ಯಾಹ್ನ, ಹತ್ತು ಸಲ ಬರಿ’ ಎಂದಿದ್ದರು. ‘ನಿನ್ನಿಂದಾನೇ ಏಟು ಬಿತ್ತು, ನೀನೇ ಬರಿ’ ಎಂದ ತಮ್ಮ. ಪುಸ್ತಕದಲ್ಲಿ ಹತ್ತು ಸಲ ಬರೆದುಕೊಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಳಪದಿಂದ ಇನ್ನೂ ಹತ್ತು ಸಲ ಬರೆದಳು.